ವೋಟು ಕೇಳಲು ಬರುವವರಿಗೆ ನಾವು ಏನು ಕೇಳಬೇಕು? ಸಾಗರ, ಹೊಸನಗರ ಕಡೆಯವರು ಬನ್ನಿ

ಹೊಳೆಬಾಗಿಲು:
ಮುಂದಿನ ವಿಧಾನಸಭೆ ಚುನಾವಣೆ 2028ಕ್ಕೆ. ಆದರೆ ನಮ್ಮೂರಲ್ಲಿ ಟಿಕೆಟ್ ಆಕಾಂಕ್ಷಿಗಳು ಈಗಲೇ ಗೃಹಪ್ರವೇಶ, ತಿಥಿ ಊಟ, ಕಬಡ್ಡಿ ಪಂದ್ಯ ಒಂದನ್ನೂ ಬಿಡುತ್ತಿಲ್ಲ. ಹೋದ ವಾರ ಒಬ್ಬರು ನಮ್ಮ ದೊಡ್ಡಪ್ಪನ ವೈಕುಂಠ ಸಮಾರಾಧನೆಗೆ ಬಂದು ಉಂಡು ಹೋದರು. ದೊಡ್ಡಪ್ಪ ಬದುಕಿದ್ದಾಗ ಆ ಪಕ್ಷಕ್ಕೆ ಒಂದು ಸಲವೂ ವೋಟು ಹಾಕಿದವರಲ್ಲ.

ವಿಷಯಕ್ಕೆ ಬರ್ತೀನಿ. 2023ರ ಏಪ್ರಿಲ್‌ನಲ್ಲಿ ಮೂರು ಪಕ್ಷದವರೂ ನಮ್ಮ ಜಗಲಿ ಹತ್ತಿದ್ದರು. ಮೂವರಿಗೂ ಅಪ್ಪ ಅವೇ ನಾಲ್ಕು ಪ್ರಶ್ನೆ ಕೇಳಿದರು. ಪಶ್ಚಿಮ ಘಟ್ಟದ ಹಳ್ಳಿಗಳನ್ನು ಪರಿಸರ ಸೂಕ್ಷ್ಮ ಪ್ರದೇಶ ಮಾಡಿ ಅನ್ನುವ ಕಸ್ತೂರಿರಂಗನ್ ವರದಿ? ಮೂವರೂ ವಿರೋಧ. ಬಗರ್ ಹುಕುಂ, ಅಂದರೆ ಸರ್ಕಾರಿ ಜಾಗದಲ್ಲಿ ಅನುಮತಿ ಇಲ್ಲದೆ ಮಾಡಿಕೊಂಡು ಬಂದ ಸಾಗುವಳಿ? ಮೂವರೂ ಹಕ್ಕುಪತ್ರ ಕೊಡಿಸ್ತೀವಿ ಅಂದರು. ಶರಾವತಿ ಅಣೆಕಟ್ಟಿನ ನೀರಿಗೆ ಮನೆ ಕಳೆದುಕೊಂಡ ಮುಳುಗಡೆಯವರ ಭೂಮಿ? ನ್ಯಾಯ ಸಿಗುತ್ತೆ. ಅಡಿಕೆ? ಬೆಳೆಗಾರರ ಪರ. ಅವರೆಲ್ಲ ಹೋದ ಮೇಲೆ ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ, "ಶಾಲಿನ ಬಣ್ಣ ಬಿಟ್ಟರೆ ಬೇರೆ ಏನು ವ್ಯತ್ಯಾಸ ಮಾರಾಯ?" ಅಂದರು.

ಉತ್ತರ ಒಂದೇ ಬರುತ್ತಿದೆ ಅಂದರೆ ನಾವು ಕೇಳುವ ಪ್ರಶ್ನೆಯೇ ಸರಿ ಇಲ್ಲ ಅನ್ನಿಸುತ್ತದೆ. ಹಾಗಾದರೆ ಏನು ಕೇಳಬೇಕು? ಗೊತ್ತಿದ್ದವರು ಹೇಳಿ. ಪಕ್ಷದ ಜಗಳ ಮಾತ್ರ ಬೇಡ, ಅದಕ್ಕೆ ವಾಟ್ಸಾಪ್ ಗ್ರೂಪ್‌ಗಳಿವೆ.

ಎರಡೂವರೆ ಎಕರೆ:
ಕಸ್ತೂರಿರಂಗನ್ ಬಗ್ಗೆ ಶಾಸಕರಾಗುವವರನ್ನು ಕೇಳುವುದು ಸುಮ್ನೆ. 2014ರಿಂದ 2024ರ ತನಕ ಆರು ಸಲ ಕರಡು ಅಧಿಸೂಚನೆ ಬಂತು, ಆರೂ ಸಲ ಹೊರಡಿಸಿದ್ದು ಕೇಂದ್ರ ಪರಿಸರ ಸಚಿವಾಲಯ. ಆ ಕರಡಿನಲ್ಲಿ ಕರ್ನಾಟಕದ್ದು 20,668 ಚದರ ಕಿ.ಮೀ., 1,500ಕ್ಕೂ ಹೆಚ್ಚು ಹಳ್ಳಿಗಳು. ಆರು ರಾಜ್ಯಗಳ ಪೈಕಿ ನಮ್ಮದೇ ಜಾಸ್ತಿ. ರಾಜ್ಯದಲ್ಲಿ ಯಾವ ಪಕ್ಷದ ಸರ್ಕಾರ ಇದ್ದರೂ ವರದಿ ಬೇಡ ಅಂತಲೇ ಬರೆದಿದೆ. 2024ರ ಸೆಪ್ಟೆಂಬರ್‌ನಲ್ಲಿ ಸಚಿವ ಸಂಪುಟವೂ ಬೇಡ ಅಂದಿತು. ಅಭ್ಯರ್ಥಿಗೆ "ವಿರೋಧ" ಅನ್ನಲು ಖರ್ಚಿಲ್ಲ.

ಅಡಿಕೆಯದ್ದೂ ಅದೇ ಕತೆ. ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು 2023ರ ಫೆಬ್ರವರಿಯಲ್ಲಿ, ದೆಹಲಿಯವರು. ಭೂತಾನದಿಂದ 17,000 ಟನ್ ಹಸಿ ಅಡಿಕೆಗೆ ಆ ಬೆಲೆಯ ನಿಯಮವಿಲ್ಲದೆ ದಾರಿ ಬಿಟ್ಟಿದ್ದೂ ಅವರೇ. ನಮ್ಮ ಶಾಸಕ ಅಲ್ಲಿ ಹೋಗಿ ಮನವಿ ಪತ್ರ ಕೊಟ್ಟು ಫೋಟೋ ತೆಗೆಸಿಕೊಳ್ಳಬಹುದು, ಅಷ್ಟೇ.

ನನಗೆ ಬೇಕಾದ್ದು ಬೇರೆ. ಎಲೆಚುಕ್ಕೆ ರೋಗ ಬಂದು ಮೂರು ವರ್ಷದಿಂದ ತೋಟದ ಅರ್ಧ ಸೋಗೆ ಒಣಗಿದೆ. ಔಷಧಿಗೆ ತೋಟಗಾರಿಕೆ ಇಲಾಖೆ ಸಹಾಯಧನ ಯಾವಾಗ ಬರುತ್ತೆ? ಮಳೆಗೆ ಮುಂಚೆಯೋ, ಕೊಯ್ಲು ಮುಗಿದ ಮೇಲೋ? ಇದನ್ನು ಯಾರೂ ಕೇಳೋದಿಲ್ಲ.

ನಿವೃತ್ತ ಶಿರಸ್ತೇದಾರ:
ಹೊಳೆಬಾಗಿಲು ಅವರೇ, ನಿಮ್ಮ ನಾಲ್ಕರಲ್ಲಿ ಒಂದು ಮಾತ್ರ ಶಾಸಕನ ಕೈಯಲ್ಲೇ ಇರುವ ವಿಷಯ. ಬಗರ್ ಹುಕುಂ. ಆದರೆ ಪ್ರಶ್ನೆಯನ್ನು ತಪ್ಪಾಗಿ ಕೇಳಿದ್ದೀರಿ.

ಕಂದಾಯ ಇಲಾಖೆಯಲ್ಲಿ 31 ವರ್ಷ ಇದ್ದೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

1964ರ ಭೂ ಕಂದಾಯ ಕಾಯ್ದೆಯ 94ಎ ಕಲಂ ಪ್ರಕಾರ ಸಕ್ರಮೀಕರಣಕ್ಕೆ ಒಂದು ಸಮಿತಿ ಇದೆ. ಅದರ ಅಧ್ಯಕ್ಷರು ಕ್ಷೇತ್ರದ ಶಾಸಕರು. ತಹಶೀಲ್ದಾರರು ಕಾರ್ಯದರ್ಶಿ. ಜೊತೆಗೆ ಸರ್ಕಾರ ನೇಮಿಸುವ ಸದಸ್ಯರು. ಸರ್ಕಾರ ಬದಲಾದರೆ ಸಮಿತಿಯೂ ಹೋಗುತ್ತದೆ. ಹೊಸದಾಗಿ ರಚನೆ ಆಗಬೇಕು. ಸದಸ್ಯರು ಯಾರಾಗಬೇಕು ಅಂತ ಆಳುವ ಪಕ್ಷದ ಒಳಗೇ ಎಳೆದಾಟ ಶುರುವಾಗುತ್ತದೆ. ನಾನಿದ್ದ ಒಂದು ತಾಲ್ಲೂಕಿನಲ್ಲಿ ಹೀಗೆಯೇ ಒಂದೂವರೆ ವರ್ಷ ಸಮಿತಿಯೇ ಇರಲಿಲ್ಲ. ಕಪಾಟಿನಲ್ಲಿದ್ದ ಅರ್ಜಿಗಳಿಗೆ ಗೆದ್ದಲು ಹಿಡಿಯಿತು. ಆಮೇಲೆ ಸಮಿತಿ ಬಂತು. ಸಭೆಯ ದಿನ ಅಧ್ಯಕ್ಷರಿಗೆ ಮದುವೆ. ಮುಂದಿನ ಸಭೆಗೆ ಅಧಿವೇಶನ. ಅದರ ಮುಂದಿನದಕ್ಕೆ ಚುನಾವಣೆ ನೀತಿ ಸಂಹಿತೆ.

ನಮೂನೆ 50, ಆಮೇಲೆ 53, 2018ರ ತಿದ್ದುಪಡಿ ನಂತರ 57. ಮೂರು ತಲೆಮಾರಿನ ಅರ್ಜಿ. 57 ಹಾಕಬೇಕಾದರೆ 2005ರ ಜನವರಿ 1ಕ್ಕಿಂತ ಮುಂಚೆಯೇ ಸಾಗುವಳಿ ಮಾಡುತ್ತಿದ್ದಿರಬೇಕು. ಸ್ವಂತ ಹಿಡುವಳಿಯೂ ಸೇರಿ 4 ಎಕರೆ 38 ಗುಂಟೆ ದಾಟಬಾರದು. ಅರಣ್ಯವಾಗಿದ್ದರೆ ಸಮಿತಿಗೆ ಅಧಿಕಾರವೇ ಇಲ್ಲ. ಗೋಮಾಳ ಆದರೆ ಊರಿನ ನೂರು ದನಕ್ಕೆ 30 ಎಕರೆ ಲೆಕ್ಕದಲ್ಲಿ ಬಿಟ್ಟು, ಮಿಕ್ಕಿದ್ದಕ್ಕೆ ಮಾತ್ರ. ಪುರಸಭೆ ಗಡಿಯಿಂದ 3 ಕಿ.ಮೀ., ನಗರಸಭೆ ಗಡಿಯಿಂದ 5 ಕಿ.ಮೀ. ಒಳಗಿದ್ದರೆ ಆಗುವುದಿಲ್ಲ. ಈಗ ಮೊಬೈಲ್ ಆಪ್ ಬಂದಿದೆ, ಗ್ರಾಮ ಆಡಳಿತಾಧಿಕಾರಿ ಜಮೀನಿಗೇ ಬಂದು ಗುರುತು ಹಾಕಬೇಕು, ಉಪಗ್ರಹ ಚಿತ್ರದಲ್ಲಿ ಹಳೆಯ ಸಾಗುವಳಿ ಕಾಣಬೇಕು.

ಇಷ್ಟು ಗೊತ್ತಿದ್ದವರು "ಎಲ್ಲರಿಗೂ ಹಕ್ಕುಪತ್ರ" ಅನ್ನುವುದಿಲ್ಲ. ಯಾರಾದರೂ ಅಂದರೆ ಅವರಿಗೆ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿದ್ದಾರೆ.

ನೀವು ಕೇಳಬೇಕಾದ್ದು ಇದು. ಈಗಿರುವವರಾದರೆ, ನಿಮ್ಮ ಅವಧಿಯಲ್ಲಿ ಸಮಿತಿ ಎಷ್ಟು ಸಲ ಸೇರಿತು? ಎಷ್ಟು ಅರ್ಜಿ ವಜಾ ಆಯಿತು? ವಜಾ ಆದವರಿಗೆ ಹಿಂಬರಹ, ಅಂದರೆ ಬರವಣಿಗೆಯಲ್ಲಿ ಉತ್ತರ, ಕೊಟ್ಟಿರಾ? ಹಿಂಬರಹ ಕೈಗೆ ಸಿಕ್ಕರೆ ತಾನೇ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಹಾಕುವುದು? ಬಾಯಲ್ಲಿ "ಆಗಲ್ಲ ಹೋಗಿ" ಅಂದು ಕಳಿಸಿದರೆ ಆ ಮನುಷ್ಯ ಹತ್ತು ವರ್ಷ ಕಚೇರಿ ಮೆಟ್ಟಿಲು ಹತ್ತುತ್ತಾನೆ. ಹೊಸಬರಾದರೆ, ತಿಂಗಳಿಗೆ ಒಂದು ಸಭೆ ಯಾವ ವಾರ ಅಂತ ಕೇಳಿ. ವಾರದ ಹೆಸರು ಹೇಳಲಿ.

ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟದ ವಿಷಯ ಯಾರೂ ಎತ್ತಬೇಡಿ. ಅದಕ್ಕೆ ಬೇರೆ ದಿನವೇ ಬೇಕು.

ಕಾನುಮನೆ:
ಸರ್, ನಮ್ಮದು ಮುಳುಗಡೆ ಕುಟುಂಬ. ಅಜ್ಜ ಲಿಂಗನಮಕ್ಕಿ ನೀರು ಏರುವ ಮುಂಚೆ ಲಾರಿಯಲ್ಲಿ ಬಂದು ಇಳಿದವರು. ಅಣೆಕಟ್ಟು ಮುಗಿದಿದ್ದು 1964ರಲ್ಲಿ. ನಮಗೆ ಇನ್ನೂ ಪಹಣಿ ಇಲ್ಲ. ಇದನ್ನು ನಿಮ್ಮ ಸಮಿತಿ ಮಾಡಲಿಕ್ಕೆ ಆಗುತ್ತಾ?

ನಿವೃತ್ತ ಶಿರಸ್ತೇದಾರ:
ಆಗುವುದಿಲ್ಲಮ್ಮ. ನಿಮ್ಮವರನ್ನು ತಂದು ಇಳಿಸಿದ್ದು ಕಾಗದದಲ್ಲಿ ಅರಣ್ಯವಾಗಿದ್ದ ಜಾಗದಲ್ಲಿ. ಆಗಲೇ ಅದನ್ನು ಅರಣ್ಯದ ಪಟ್ಟಿಯಿಂದ ಬಿಡಿಸಬೇಕಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂತು. ಅಲ್ಲಿಂದ ಮುಂದೆ ಕೇಂದ್ರದ ಪೂರ್ವಾನುಮತಿ ಬೇಕು. ರಾಜ್ಯ ಸರ್ಕಾರ ಆ ಅನುಮತಿ ಇಲ್ಲದೆಯೇ 9 ಸಾವಿರ ಹೆಕ್ಟೇರ್‌ಗೂ ಹೆಚ್ಚು ಜಾಗವನ್ನು ಡಿನೋಟಿಫೈ ಮಾಡಿತ್ತು. 2021ರಲ್ಲಿ ಹೈಕೋರ್ಟ್ ಅದು ನಿಲ್ಲುವುದಿಲ್ಲ ಅಂದಿತು. ಆಮೇಲೆ ಸರ್ಕಾರವೇ ಆದೇಶಗಳನ್ನು ವಾಪಸ್ ತೆಗೆದುಕೊಂಡಿತು. ಕೊಟ್ಟ ಹಕ್ಕುಪತ್ರ ಕೈಯಲ್ಲಿದ್ದೂ ಇಲ್ಲದ ಹಾಗೆ ಆಯಿತು.

ಕಾನುಮನೆ:
ನಮ್ಮ ಚಿಕ್ಕಪ್ಪನಿಗೂ ಹಾಗೇ ಆಗಿದೆ. ಹಕ್ಕುಪತ್ರಕ್ಕೆ ಕಟ್ಟು ಹಾಕಿಸಿ ದೇವರ ಕೋಣೆಯಲ್ಲಿ ಇಟ್ಟಿದ್ದರು.

ಬೆಂಗ್ಳೂರು ಸೇರಿದವ:
ಊರು ತೀರ್ಥಹಳ್ಳಿ ಹತ್ತಿರ, ಈಗ ಇರೋದು ಬೆಂಗಳೂರು. ನನಗೆ ಇಲ್ಲಿನ ಚರ್ಚೆ ಸರಿ ಕಾಣುತ್ತಿಲ್ಲ. ಶಾಸಕ ಅಂದರೆ ಶಾಸನ ಮಾಡುವವನು. ನಾವು ಅವನನ್ನು ಅರ್ಜಿ ವಿಲೇವಾರಿ ಮಾಡುವ ಗುಮಾಸ್ತ ಮಾಡಿದ್ದೇವೆ. ಚರಂಡಿ, ಹಳ್ಳ ದಾಟುವ ಕಾಲುಸಂಕ, ಸಹಾಯಧನ, ಎಲ್ಲಕ್ಕೂ ಅವನೇ. ಹೀಗಾದರೆ ವಿಧಾನಸಭೆಯಲ್ಲಿ ಮಸೂದೆ ಓದುವವರು ಯಾರು? ಚರ್ಚೆಯೇ ಇಲ್ಲದೆ ಗಲಾಟೆ ನಡುವೆ ಎಷ್ಟು ಮಸೂದೆ ಪಾಸಾಗುತ್ತವೆ, ನೋಡಿದ್ದೀರಲ್ಲ.

ಬೆಂಗಳೂರಿನಲ್ಲಿ ಇದರ ಫಲ ಕಣ್ಣಾರೆ ನೋಡಿದ್ದೇನೆ. ಬಿಬಿಎಂಪಿಗೆ ಕೊನೆಯ ಚುನಾವಣೆ ಆಗಿದ್ದು 2015ರಲ್ಲಿ. 2020ರ ಸೆಪ್ಟೆಂಬರ್‌ಗೆ ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ವಾರ್ಡಿಗೆ ದಿಕ್ಕು ಅಂದರೆ ಶಾಸಕರೇ. ಗುಂಡಿ ಮುಚ್ಚಿದರೂ ಅವರದ್ದೇ ಬ್ಯಾನರ್. ಅವರಿಗೆ ಇದು ಇಷ್ಟವೇ. ನಮಗೇ ನಷ್ಟ. ಹಾಗಾಗಿ ನನ್ನ ಪ್ರಕಾರ ಅಭ್ಯರ್ಥಿಗೆ ಕಾನೂನಿನ ಬಗ್ಗೆ ಕೇಳಬೇಕು, ಕಾಲುಸಂಕದ ಬಗ್ಗೆ ಅಲ್ಲ.

ಎರಡೂವರೆ ಎಕರೆ:
ಅಣ್ಣ, ನೀವು ಹೇಳೋದು ಪುಸ್ತಕದಲ್ಲಿ ಸರಿ. ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗುವ ಮಗು ನಿಮ್ಮ ಮನೆಯದ್ದಾಗಿದ್ದರೆ ಕಾಲುಸಂಕದ ಬಗ್ಗೆಯೇ ಮೊದಲು ಕೇಳ್ತಿದ್ದಿರಿ. ನಾವು ಪ್ರತಿ ವರ್ಷ ಜೂನ್ ಮೊದಲ ವಾರ ಅಡಿಕೆ ದಬ್ಬೆ ಕಟ್ಟಿ ಸಂಕ ಹಾಕ್ತೀವಿ. ಜುಲೈಗೆ ಅದು ಹೊಳೆ ಪಾಲು. ಪಂಚಾಯ್ತಿಯಲ್ಲಿ ಕೇಳಿದರೆ ದುಡ್ಡಿಲ್ಲ. ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಅದರಲ್ಲಿ ಎಷ್ಟು ಸಂಕ, ಎಷ್ಟು ಸಮುದಾಯ ಭವನ ಅಂತ ಒಂದು ಪಟ್ಟಿ ಕೊಡಲಿ ನೋಡೋಣ. ನಮ್ಮ ಕಡೆ ಮೂರು ಸಮುದಾಯ ಭವನ ಆಗಿದೆ. ಒಂದರಲ್ಲಿ ಈಗ ಸೌದೆ ಪೇರಿಸಿದ್ದಾರೆ.

ಹೊಳೆಬಾಗಿಲು:
ಶರಾವತಿ ಹಿನ್ನೀರಿನ ಸಿಗಂದೂರು ಸೇತುವೆ ಉದಾಹರಣೆ ಇದೆಯಲ್ಲ. ಅರವತ್ತು ವರ್ಷ ನಾವು ಲಾಂಚ್ ಕಾದವರು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಹೊಳೆ ಆಚೆಯೇ ರಾತ್ರಿ. ಪ್ರತಿ ಚುನಾವಣೆಯಲ್ಲೂ ಸೇತುವೆ ಮಾಡಿಸ್ತೀವಿ ಅಂದರು. ಕೊನೆಗೆ 2025ರ ಜುಲೈನಲ್ಲಿ ಉದ್ಘಾಟನೆ ಆಯಿತು, ಎರಡು ಕಿ.ಮೀ.ಗೂ ಉದ್ದದ ಕೇಬಲ್ ಸೇತುವೆ, ಕೇಂದ್ರದ ಹೆದ್ದಾರಿ ದುಡ್ಡಿನಲ್ಲಿ. ಯಾರು ಮಾಡಿಸಿದ್ದು ಅಂತ ಜಗಳ ಈಗಲೂ ನಡೀತಿದೆ. ಮೊದಲ ದಿನ ಆ ಸೇತುವೆ ಮೇಲೆ ಅಮ್ಮ ಸುಮ್ಮನೆ ಅತ್ತರು. ಅದು ಬೇರೆ ಮಾತು.

ಮಲಪ್ರಭಾ ದಂಡಿ:
ನಾ ನವಲಗುಂದದ ಕಡೆಯಾಂವ. ಮಲೆನಾಡಿನವರ ನಡುವೆ ಮಾತಾಡ್ತೀನಂತ ತಪ್ಪು ತಿಳೀಬ್ಯಾಡ್ರಿ. ನಮ್ಮಲ್ಲೂ ಇದೇ ಹಣೆಬರಹ. ಮಹದಾಯಿ ಅಂದರ ಎಲ್ಲಾ ಅಭ್ಯರ್ಥಿಗಳೂ ಎದಿ ಬಡಕೋತಾರ. 2018ರಾಗ ನ್ಯಾಯಮಂಡಳಿ ಕರ್ನಾಟಕಕ್ಕ 13.42 ಟಿಎಂಸಿ ಹಂಚಿಕಿ ಮಾಡಿತು. ಅದರೊಳಗ ಕಳಸಾ, ಬಂಡೂರಿ ಹಳ್ಳದಿಂದ ಮಲಪ್ರಭಾಕ್ಕ ತಿರುಗಿಸೂದು 3.9. 2022ರ ಕೊನಿಗೆ ಕೇಂದ್ರ ಜಲ ಆಯೋಗ ಯೋಜನಾ ವರದಿ ಒಪ್ಪಿತು, ಪೇಡೆ ಹಂಚಿದರು. ಆಮ್ಯಾಲ ಅರಣ್ಯ, ವನ್ಯಜೀವಿ ಅನುಮತಿ ಅಂತ ನಿಂತಿತು. ರಾಜ್ಯದವರು ಕೇಂದ್ರದ ಕಡೆ ಬೆರಳು, ಕೇಂದ್ರದವರು ರಾಜ್ಯದ ಕಡೆ ಬೆರಳು.

ಒಂದ್ ಸಲ ನಮ್ಮ ಕಟ್ಟಿ ಮ್ಯಾಲ ಕುಂತ ಹಿರಿಯರೊಬ್ಬರು ಅಭ್ಯರ್ಥಿಗೆ ಕೇಳಿದರು: "ಮಹದಾಯಿ ಬಿಡಪ್ಪಾ. ಇರೋ ಮಲಪ್ರಭಾ ಕಾಲುವಿ ಹೂಳು ಎಂದ ತಗಸ್ತಿ? ಟೇಲ್ ಎಂಡಿಗೆ ನೀರು ಎಷ್ಟು ದಿನ ಬಿಡಸ್ತಿ?" ಆ ಮನುಷ್ಯಾಗ ಉತ್ತರ ಬರಲಿಲ್ಲ. ದೊಡ್ಡ ಪ್ರಶ್ನಿಗೆ ಎಲ್ಲರ ಹತ್ರ ಭಾಷಣ ಐತಿ. ಸಣ್ಣ ಪ್ರಶ್ನಿಗೆ ಬೆವರು ಬರ್ತದ.

ಸಬ್‌ಸೆಂಟರ್ ಸಿಸ್ಟರ್:
ನಾನು ಸರ್ಕಾರಿ ನೌಕರಿಯಲ್ಲಿ ಇರೋದರಿಂದ ಹೆಸರು, ಊರು ಹೇಳಲ್ಲ. ಒಂದೇ ವಿಷಯ ಸೇರಿಸ್ತೀನಿ. ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆ ಆಗಿದ್ದು, ಕಾಯಿಲೆಗೆ ಹೆಸರೂ ಆ ಕಾಡಿನದ್ದೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಕಡೆ ಹೇಗಿತ್ತು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ನಿಲ್ಲಿಸಿದರು. ಈಗ ನಮ್ಮ ಕೈಲಿ ಇರೋದು ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಕಚ್ಚದ ಹಾಗೆ ಹಚ್ಚುವ ಎಣ್ಣೆ ಮತ್ತು ಎಚ್ಚರಿಕೆ ಮಾತು.

ಕಾಯಿಲೆ ಕಾಲ ಡಿಸೆಂಬರ್‌ನಿಂದ ಮೇ. ಎಣ್ಣೆ ನವೆಂಬರ್‌ನಲ್ಲೇ ಮನೆ ಮನೆಗೆ ಹೋಗಿರಬೇಕು. ಜನ ದರಕು, ಅಂದರೆ ಒಣ ಎಲೆ, ತರಲು ಕಾಡಿಗೆ ಹೋಗೋದೇ ಆಗ. ಫೆಬ್ರವರಿಯಲ್ಲಿ ಬಂದರೆ ಏನು ಪ್ರಯೋಜನ? ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೆ ಶಾಸಕರೇ ಅಧ್ಯಕ್ಷರು. ಇಲಾಖೆಗಳ ಕೆಲಸ ಪರಿಶೀಲಿಸುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಯೂ ಅವರದ್ದೇ. ಅಕ್ಟೋಬರ್ ಸಭೆಯಲ್ಲಿ ಈ ಒಂದು ಪ್ರಶ್ನೆ ಕೇಳಿದರೆ ಸಾಕು, ಜಿಲ್ಲೆಯಿಂದ ಎಣ್ಣೆ ತಾನಾಗಿ ಬರುತ್ತೆ. ಇದಕ್ಕೆ ಪ್ರಣಾಳಿಕೆ ಬೇಡ.

ಬೆಂಗ್ಳೂರು ಸೇರಿದವ:
ಸಿಸ್ಟರ್, ಇದನ್ನು ಒಪ್ಪಿದೆ. ಆದರೆ ಹೀಗೆ ಎಲ್ಲ ಸಮಿತಿಗೂ ಶಾಸಕನೇ ಅಧ್ಯಕ್ಷ ಆಗಿರೋದೇ ರೋಗ ಅಲ್ವಾ? ಜಿಲ್ಲಾ ಪಂಚಾಯ್ತಿ, ತಾಲ್ಲೂಕು ಪಂಚಾಯ್ತಿ ಸದಸ್ಯರು ಎಲ್ಲಿ ಹೋದರು?

ನಿವೃತ್ತ ಶಿರಸ್ತೇದಾರ:
ನೀವು ಈಗ ಸರಿಯಾದ ಗಂಟಿಗೆ ಕೈ ಹಾಕಿದಿರಿ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಚುನಾವಣೆ ಆಯಿತು. 2021ಕ್ಕೆ ಅವಧಿ ಮುಗಿಯಿತು. ಅದೇ ವರ್ಷ ವಿಧಾನಮಂಡಲ ಕಾಯ್ದೆ ತಿದ್ದಿ, ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು. ಆಮೇಲೆ ಮೀಸಲಾತಿ, ಕೋರ್ಟು, ಮತ್ತೆ ವಿಂಗಡಣೆ. ವರ್ಷಗಳು ಹೋದವು. ಸರ್ಕಾರ ಬದಲಾಯಿತು, ಚುನಾವಣೆ ಬರಲಿಲ್ಲ.

ಕಾನುಮನೆ ಅವರಿಗೂ ಇದಕ್ಕೂ ನೇರ ಸಂಬಂಧ ಇದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಅರ್ಜಿ ಮೊದಲು ಗ್ರಾಮಸಭೆಗೆ, ಆಮೇಲೆ ಉಪವಿಭಾಗ ಸಮಿತಿಗೆ, ಕೊನೆಗೆ ಜಿಲ್ಲಾ ಸಮಿತಿಗೆ ಹೋಗುತ್ತದೆ. ಉಪವಿಭಾಗ ಸಮಿತಿಯಲ್ಲಿ ತಾಲ್ಲೂಕು ಪಂಚಾಯ್ತಿಯ ಮೂವರು, ಜಿಲ್ಲಾ ಸಮಿತಿಯಲ್ಲಿ ಜಿಲ್ಲಾ ಪಂಚಾಯ್ತಿಯ ಮೂವರು ಇರಬೇಕು ಅಂತ ನಿಯಮ. ಚುನಾವಣೆಯೇ ಆಗದಿದ್ದರೆ ಆ ಕುರ್ಚಿಗಳಲ್ಲಿ ಯಾರು ಕೂರುತ್ತಾರೆ? ಜನರ ಕಡೆಯಿಂದ ಮಾತಾಡುವವರು ಇಲ್ಲದೆ ಬರೀ ಅಧಿಕಾರಿಗಳು. ಬುಡಕಟ್ಟಿನವರಲ್ಲದವರಿಗೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸದ ಸಾಕ್ಷಿ ಬೇಕು. ಮುಳುಗಡೆಯವರು ಹೊಸ ಜಾಗಕ್ಕೆ ಬಂದಿದ್ದೇ 1960ರ ಆಸುಪಾಸು. ಇದನ್ನು ವಾದಿಸಲಾದರೂ ಒಬ್ಬ ಚುನಾಯಿತ ಮನುಷ್ಯ ಬೇಡವೇ?

ಹಾಗಾಗಿ ನಿಮ್ಮ ಕಾನೂನಿನ ಪ್ರಶ್ನೆಯೂ, ಎರಡೂವರೆ ಎಕರೆಯವರ ಕಾಲುಸಂಕದ ಪ್ರಶ್ನೆಯೂ ಬೇರೆ ಬೇರೆ ಅಲ್ಲ. ಜಿಲ್ಲಾ ಪಂಚಾಯ್ತಿ ಸದಸ್ಯ ಇದ್ದಿದ್ದರೆ ಸಂಕಕ್ಕೆ ಅವನನ್ನು ಹಿಡಿಯುತ್ತಿದ್ದೆವು. ಅವನು ನಾಳೆ ತನಗೇ ಎದುರಾಳಿ ಆಗುತ್ತಾನೆ ಅನ್ನುವ ಭಯ ಶಾಸಕರಿಗಿದೆ, ಎಲ್ಲ ಪಕ್ಷದಲ್ಲೂ. ಇದು ನನ್ನ ಸ್ವಂತ ಅಭಿಪ್ರಾಯ, ದಾಖಲೆ ಕೇಳಬೇಡಿ.

ಬೆಂಗ್ಳೂರು ಸೇರಿದವ:
ಈ ತಿದ್ದುಪಡಿ ಕತೆ ನನಗೆ ಗೊತ್ತಿರಲಿಲ್ಲ ಸರ್. ಸರಿ, ಕಾಲುಸಂಕದ ಬಗ್ಗೆ ಆಡಿದ ಮಾತು ವಾಪಸ್. ಅರ್ಧ ಮಾತ್ರ ವಾಪಸ್.

ತಾಳಗುಪ್ಪ ಪ್ಯಾಸೆಂಜರ್:
ಇಷ್ಟೆಲ್ಲ ಆಯಿತು, ಪಂಪ್ಡ್ ಸ್ಟೋರೇಜ್ ಬಗ್ಗೆ ಒಬ್ಬರೂ ಬರೆದಿಲ್ಲವಲ್ಲ? ತಳಕಳಲೆಯಿಂದ ಗೇರುಸೊಪ್ಪೆ ಜಲಾಶಯಕ್ಕೆ ನೀರು ಬಿಟ್ಟು ಕರೆಂಟು ಮಾಡಿ, ಮತ್ತೆ ಮೇಲಕ್ಕೆ ಎತ್ತುವ 2,000 ಮೆಗಾವ್ಯಾಟ್ ಯೋಜನೆ. ಮಾಡುವುದು ರಾಜ್ಯದ್ದೇ ವಿದ್ಯುತ್ ನಿಗಮ. ಇದರಲ್ಲಿ "ಕೇಂದ್ರ ನೋಡ್ಕೊಳ್ಳುತ್ತೆ" ಅಂತ ಜಾರಲಿಕ್ಕೆ ಆಗಲ್ಲ. ಅಲ್ಲಿ ಅಭ್ಯರ್ಥಿಗಳ ನಿಲುವು ನಿಜವಾಗಿ ಬೇರೆ ಬೇರೆ ಇರುತ್ತೆ.

ಕಾನುಮನೆ:
ಎಲ್ಲಿ ಬೇರೆ? ಸಾಗರದ ಸಭೆಯಲ್ಲಿ ಪರಿಸರ, ಬೆಂಗಳೂರಿನಲ್ಲಿ ಅಭಿವೃದ್ಧಿ. ಸಿಂಗಳೀಕದ ಅಭಯಾರಣ್ಯದ ಒಳಗೆ ಸುರಂಗ ಕೊರೀತಾರೆ. ನಮ್ಮಜ್ಜ ಒಂದು ಸಲ ನಾಡಿಗೆ ಬೆಳಕು ಬರಲಿ ಅಂತ ಮನೆ ಬಿಟ್ಟರು. ಆ ಬೆಳಕು ನಮ್ಮ ಕೇರಿಗೆ ಬರಲು ಎಷ್ಟೋ ವರ್ಷ ಹಿಡೀತು.

ತಾಳಗುಪ್ಪ ಪ್ಯಾಸೆಂಜರ್:
ಅಕ್ಕ, ನಾನು ಯೋಜನೆ ಪರ ಅಲ್ಲ, ವಿರೋಧಿಯೂ ಅಲ್ಲ. ಹಗಲು ಸೋಲಾರ್ ಕರೆಂಟು ಜಾಸ್ತಿ, ಸಂಜೆ ಕೊರತೆ. ಅದನ್ನು ಕೂಡಿಟ್ಟುಕೊಳ್ಳಲು ಎಲ್ಲಾದರೂ ಒಂದು ಕಡೆ ಜಾಗ ಬೇಕು. ಅದು ಶರಾವತಿ ಕಣಿವೆಯೇ ಆಗಬೇಕಾ ಅನ್ನೋದು ಪ್ರಶ್ನೆ. ಅಭ್ಯರ್ಥಿ ಯಾವ ಕಡೆ ಹೇಳಿದರೂ ಪರವಾಗಿಲ್ಲ, ಕಾರಣ ಹೇಳಬೇಕು. ಹೇಳಿದ್ದನ್ನು ಸದನದಲ್ಲೂ ಹೇಳಬೇಕು.

ಅಂದ ಹಾಗೆ, ಗೆದ್ದವರು ಸದನದಲ್ಲಿ ಏನು ಕೇಳಿದ್ದಾರೆ ಅಂತ ನೋಡಬಹುದು. ಮಂತ್ರಿ ಸದನದಲ್ಲೇ ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆ, ಬರೆದು ಉತ್ತರಿಸುವ ಚುಕ್ಕೆ ಇಲ್ಲದ ಪ್ರಶ್ನೆ, ಅದಕ್ಕೆ ಮಂತ್ರಿ ಕೊಟ್ಟ ಉತ್ತರ ಎಲ್ಲ ವಿಧಾನಸಭೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲೇ ಇರುತ್ತೆ. ಹೊಸಬರಾದರೆ ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರ ಓದಿ, ಆಸ್ತಿ, ಕೇಸು ಎರಡೂ ಇರುತ್ತೆ. ರೈಲಿನಲ್ಲಿ ಕೂತು ಓದಲು ಒಳ್ಳೆ ಸರಕು.

ಎರಡೂವರೆ ಎಕರೆ:
ನಿಮ್ಮ ರೈಲು ಸರಿಯಾದ ಟೈಮಿಗೆ ಬಂದರೆ ಓದೋಕೆ ಟೈಮೇ ಸಿಗಲ್ಲ ಬಿಡಿ.

ಹೊಳೆಬಾಗಿಲು:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ನಮ್ಮೂರ ಸೊಸೈಟಿ ವಾರ್ಷಿಕ ಸಭೆ ಇತ್ತು. ಒಬ್ಬ ಆಕಾಂಕ್ಷಿ ಬಂದಿದ್ದರು, ಕರೆಯದೇ. ಭಾಷಣ ಮುಗಿದ ಮೇಲೆ ಅಪ್ಪ ಎದ್ದು ನಿಂತು, "ಬಗರ್ ಹುಕುಂ ಸಮಿತಿ ತಿಂಗಳ ಯಾವ ವಾರ ಕೂರಿಸ್ತೀರಿ?" ಅಂತ ಕೇಳಿದರು. ಅವರು ಪಕ್ಕದವರ ಮುಖ ನೋಡಿದರು. ಆಮೇಲೆ, "ಎರಡನೇ ವಾರ ಅಂತ ಇಟ್ಕೊಳ್ಳಿ" ಅಂದರು. ಹಿಂದಿನ ಬೆಂಚಿನಿಂದ ಯಾರೋ, "ಬರ್ಕೊಳ್ರಿ ಸೆಕ್ರೆಟರಿ" ಅಂತ ಕೂಗಿದರು. ಸೆಕ್ರೆಟರಿ ನಿಜವಾಗಿಯೂ ನಡಾವಳಿ ಪುಸ್ತಕದಲ್ಲಿ ಬರೆದುಬಿಟ್ಟರು! ಸೊಸೈಟಿ ನಡಾವಳಿಯಲ್ಲಿ ಅದಕ್ಕೆ ಜಾಗ ಇದೆಯೋ ಇಲ್ಲವೋ ಗೊತ್ತಿಲ್ಲ.

ಶಿರಸ್ತೇದಾರ್ ಸರ್, ಒಂದು ಸಹಾಯ. ಮನೆಗೆ ಬಂದು ಅಪ್ಪ ಕಬ್ಬಿಣದ ಪೆಟ್ಟಿಗೆ ತೆಗೆದರು. ನಮೂನೆ 57 ಕೊಟ್ಟಾಗಿನ ಸ್ವೀಕೃತಿ ಸಿಕ್ಕಿದೆ. ಜಿರಲೆ ತಿಂದಿದೆ. ದಿನಾಂಕ ಹೋಗಿದೆ, ಅರ್ಜಿ ಸಂಖ್ಯೆ ಮಾತ್ರ ಕಾಣುತ್ತೆ. ನಡೆಯುತ್ತಾ?

ನಿವೃತ್ತ ಶಿರಸ್ತೇದಾರ:
ಸಂಖ್ಯೆ ಇದ್ದರೆ ಸಾಕು. ತಾಲ್ಲೂಕು ಕಚೇರಿಯ ವಹಿಯಲ್ಲಿ ದಿನಾಂಕ ಇರುತ್ತದೆ. ಎರಡು ಜೆರಾಕ್ಸ್ ಮಾಡಿಸಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ, ಆ ಆಕಾಂಕ್ಷಿ ಕೇಳಿದರೂ ಸಹ.